ಜಡ್ಜ್ ಸಾಹೇಬರು ನೀರು ಕುಡಿದ ರೀತಿ

ನನ್ನ ಅಪ್ಪಯ್ಯನಿಗೆ,

ಫೋನಿನಲ್ಲಿ ಈ ಮಾತೆತ್ತಿದರೆ ಸಾಕು, "ಸಿಗ್ನಲ್ ಸಿಗ್ತಿಲ್ಲ ಕಣವ್ವ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದವನ್ನು ಅರಕಲಗೂಡಿಗೆ ಬರುತ್ತಿರುವ ತಮ್ಮ ನಾಗೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು. ಬೈಯುವುದಿದ್ದರೆ ಆಮೇಲೆ ಬೈಯಿ.

ಭಾನುವಾರ ಹಾಸನದಲ್ಲಿ ಸಿನಿಮಾ ಸಂಘದವರು ಆ ಹಳೆಯ ಕೊಲೆ ಸಿನಿಮಾ ತೋರಿಸುತ್ತಿದ್ದಾರೆ. ಹಿನ್ನೀರು ಇಳಿದ ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಮುರುಕು ಚರ್ಚಿನಲ್ಲಿ ತೆಗೆದರಲ್ಲ, ಅದೇ. ದೊಡ್ಡ ದೊಡ್ಡ ನಟರೆಲ್ಲ ಮೇಣದ ಮೂಗು, ಅಂಟಿನ ಗಡ್ಡ ಹಚ್ಚಿಕೊಂಡು ಗುರುತೇ ಸಿಗದ ಹಾಗೆ ಬರುತ್ತಾರೆ. ಕೊಲೆಗಾರ ಸಿಕ್ಕ ಮೇಲೆ ಒಬ್ಬೊಬ್ಬರೇ ವೇಷ ಕಿತ್ತು ನಗುತ್ತಾರೆ. ಮುದಿ ಜಡ್ಜ್ ಸಾಹೇಬರ ಗಡ್ಡ ಕಿತ್ತಾಗ ಹೀರೋ ಮುಖ ಕಾಣುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ಅಲ್ಲಿಯವರೆಗೆ ಆ ಗಡ್ಡದ ಹಿಂದೆ ಇದ್ದವನು ನೀನು.

ಅಂಟು ತಾಗಿ ಹೀರೋ ಮುಖ ಊದಿಕೊಂಡಿತು. ಚರ್ಚಿನೊಳಗಿನ ಮುಳ್ಳುಗಿಡ ಕಡಿಯಲು ಕೂಲಿಗೆ ಹೋಗಿದ್ದ ನಿನ್ನನ್ನು, ಎತ್ತರ ಸರಿಹೋಯಿತೆಂದು ಕನ್ನಡಿ ಮುಂದೆ ಕೂರಿಸಿದರು. ಕೇರಿಯ ನಾಟಕಗಳಲ್ಲಿ ಮುದುಕರ ಪಾತ್ರವೆಲ್ಲ ನಿನ್ನದೇ ಆಗಿದ್ದರಿಂದ ನಡಿಗೆ ಕಲಿಸುವ ಕಷ್ಟ ಯಾರಿಗೂ ಬರಲಿಲ್ಲ. ದನಿಯನ್ನು ಆಮೇಲೆ ಹೀರೋನೇ ಕೊಟ್ಟ. ಹೆಸರೂ ಅವನದೇ ಬಂತು.

ಊಟದ ಮೇಜಿನ ದೃಶ್ಯ ನೆನಪಿದೆಯಾ? ಆಳು ಲೋಟಕ್ಕೆ ನೀರು ಬಗ್ಗಿಸಬೇಕು, ಜಡ್ಜ್ ಲೋಟ ಎತ್ತಿ ಕುಡಿಯಬೇಕು. ಆಳಿನ ವೇಷ ಹಾಕಿದ್ದವನು ಆ ಕಡೆಯ ಪಟೇಲರ ಮಗ, ಸಿನಿಮಾ ಹುಚ್ಚಿನವನು. ವೇಷದೊಳಗೆ ನೀನಿರುವುದು ಅವನಿಗೆ ಗೊತ್ತಿತ್ತು. ಅವನು ಚೊಂಬು ಎತ್ತಿದ್ದೇ ತಡ, ಜರತಾರಿ ಶಾಲಿನ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದು, ಬಗ್ಗಿ, ಬೊಗಸೆ ಒಡ್ಡಿಬಿಟ್ಟರು. ಅವನೂ ಲೋಟ ಮರೆತು ಮೇಲಿನಿಂದ ಬೊಗಸೆಗೇ ಸುರಿದ. "ಚೊಂಬು ಕಂಡೇಟ್ಗೆ ಕೈ ತಾನೇ ಓಯ್ತು ಕಣವ್ವ. ಕೆಲ್ಸ ಕೆಡಿಸ್ಬುಟ್ಟೆ ಅಂದ್ಕಂಡೆ" ಅಂತ ನೀನೇ ಹೇಳಿದ್ದೆ. ಡೈರೆಕ್ಟರು ಬೈಯಲಿಲ್ಲ. ಅದನ್ನೇ ಉಳಿಸಿಕೊಂಡರು.

ಆ ಜಡ್ಜ್ ನಿಜವಾದ ಸಾಹೇಬನಲ್ಲ, ಬರೀ ವೇಷ ಎಂಬ ಸುಳಿವನ್ನು ಹೀರೋ ಒಂದು ಬೊಗಸೆಯಲ್ಲಿ ಕೊಟ್ಟುಬಿಟ್ಟನಂತೆ. ಇಷ್ಟು ವರ್ಷವಾದರೂ ಪತ್ರಿಕೆಗಳಲ್ಲಿ ಹಾಗೆಂದೇ ಹೊಗಳುತ್ತಾರೆ. ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಹೊಳೆನರಸೀಪುರದ ಹೋಟೆಲಿನ ಹಿತ್ತಲಲ್ಲಿ ನೀನು ಹಾಗೇ ಬಗ್ಗಿದ್ದೆ, ನಾನು ನಿನ್ನ ಪಂಚೆ ಹಿಡಿದು ನಿಂತಿದ್ದೆ. ಒಳಗೆ ಲೋಟಗಳು ಸಾಲಾಗಿದ್ದವು. "ನಾವ್ ಇಂಗೇ ಕುಡಿಯಾದು ಮಗ, ಒಂದ್ ತೊಟ್ಟೂ ಚೆಲ್ಲಲ್ಲ ನೋಡು" ಅಂತ ನಕ್ಕು ನನಗೂ ಕಲಿಸಿದೆ. ಅದನ್ನು ಅಭಿನಯ ಅನ್ನುವವರಿಗೆ ನಾನು ತಲೆದೂಗಬೇಕಾ?

ಸಂಘದ ಕಾರ್ಯದರ್ಶಿ ಪೃಥ್ವಿರಾಜ್ ಅವರಿಗೆ ಎಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಒಂದು ಉಪಾಯ ಹೇಳಿದರು: "ನಿಮ್ ತಂದೆಯವ್ರು ಸ್ಟೇಜ್ ಮೇಲೆ ಹಂಗೇ ಬೊಗಸೆ ಒಡ್ಡಿ ಕುಡ್ದು ತೋರಿಸ್ಲಿ ಮೇಡಂ. ಪ್ರೂಫೂ ಆಯ್ತು, ಚಪ್ಪಾಳೆನೂ ಬೀಳುತ್ತೆ." ಆಗುವುದಿಲ್ಲ ಎಂದೆ. ಹಾಗಾದರೆ ಈ ವಿಷಯ ಎತ್ತಲೇಬೇಡಿ ಎಂದರು. ಎತ್ತುತ್ತೇನೆ ಅಪ್ಪಯ್ಯ. ಕನ್ನಡ ಪಾಠ ಹೇಳುವ ಮೇಡಂ ಎಂದು ಮೊದಲ ಭಾಷಣ ನನಗೇ ಕೊಟ್ಟು ಕಾರ್ಡು ಅಚ್ಚು ಹಾಕಿಸಿದ್ದಾರೆ. ಮೈಕ್ ಕೈಗೆ ಬಂದ ಮೇಲೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಅರಕಲಗೂಡಿನ ಚೆನ್ನಯ್ಯ ಎಂದು ನಿನ್ನ ಹೆಸರು ಹೇಳಿಯೇ ಕೆಳಗಿಳಿಯುತ್ತೇನೆ.

"ವೇಸ ಕಳಚ್ದಾಗ ಅವ್ರ ಮಖ ಬಂತು, ಅಲ್ಲಿಗ್ ಮುಗೀತು. ಈಗ್ಯಾಕವ್ವ ಊರೋರ್ ಬಾಯಿಗ್ ಬೀಳಾದು" ಅನ್ನುತ್ತೀಯ. ಅವರಿಗೆ ಮುಗಿದಿರಬಹುದು. ನಿನ್ನ ಮುಖದ ಮೇಲಿನ ಗಡ್ಡವನ್ನು ಇನ್ನೂ ಯಾರೂ ಕಿತ್ತಿಲ್ಲ. ಊರವರು ಆಡಿಕೊಂಡರೆ ಆಡಿಕೊಳ್ಳಲಿ, ನಿನಗೆ ಸಂಕೋಚ, ನನಗಿಲ್ಲ. ನೀನು ಬರದಿದ್ದರೂ ನಾನು ಹೇಳುವುದು ಹೇಳಿಯೇ ತೀರುತ್ತೇನೆ. ಆದರೆ ನೀನು ಬರಬೇಕು ಎಂದು ನನಗೆ ಬಹಳ ಆಸೆ.

ನಾಗೇಶ ಕರೆದುಕೊಂಡು ಬರುತ್ತಾನೆ. ಬಿಳಿ ಶರ್ಟು ಇಸ್ತ್ರಿ ಮಾಡಿಸಿಕೋ. ವೇದಿಕೆಯ ಮೇಜಿನ ಮೇಲೆ ಒಂದು ಲೋಟ ನೀರು ನಾನೇ ತಂದಿಟ್ಟಿರುತ್ತೇನೆ. ಕುರ್ಚಿಗೆ ಬೆನ್ನು ಆನಿಸಿ ಕೂತು, ಲೋಟವನ್ನು ನೀನೇ ಎತ್ತಿ, ತುಟಿಗೆ ಹಚ್ಚಿ, ಎಲ್ಲರ ಮುಂದೆ ನಿಧಾನವಾಗಿ ಕುಡಿ. ಬೊಗಸೆ ನೋಡಲೇಬೇಕು ಎನ್ನುವವರು ಪರದೆಯ ಮೇಲೆ ನೋಡಿಕೊಳ್ಳಲಿ.

ಬುದ್ಧಗುರುವಿನ ಕರುಣೆ ನಿನ್ನ ಮೇಲಿರಲಿ, ಇನ್ನೂ ಬಹಳ ಕಾಲ ಗಟ್ಟಿಯಾಗಿರು. ಭಾನುವಾರ ಬಾಯಾರಿಕೊಂಡು ಬಾ.

ನಿನ್ನ ಮಗಳು,
ಸಂಘಮಿತ್ರಾ