ಕುಣಿಮಗ್ಗ ಮತ್ತು ತವರಿನ ಸ್ಕೂಟರ್

ಗಜೇಂದ್ರಗಡ
೧೨ ಡಿಸೆಂಬರ್ ೨೦೨೪

ನರಗುಂದದಲ್ಲಿರುವ ಮಗಳು ಬನಶ್ರೀಗೆ ಅವ್ವನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ. ಪತ್ರ ಓದಿ ನಕ್ಕರೆ ನನಗೆ ಕೇಳಿಸುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಸರೆಯಿಂದ ನಿಮ್ಮಪ್ಪನ ಕೆಮ್ಮು ನಿಂತಿರಲಿಲ್ಲ. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಗೋಡೆಗೆ ಒರಗಿ ಕುಳಿತೇ ನಿದ್ದೆ. ದವಾಖಾನೆಯ ಡಾಕ್ಟರಮ್ಮ, "ಯಜಮಾನ್ರು ಬೀಡಿ ಸೇದತಾರೇನ್ರಿ? ಎದಿಯಾಗ ಹೊಗಿ ಕುಂತೈತಿ. ಹಿಂಗ ಬಿಟ್ರ ಮಗ್ಗಕ್ಕ ಕೂಡಾಕ ಆಗಂಗಿಲ್ಲ" ಎಂದಳು. ನಮ್ಮ ಮನೆತನದಲ್ಲಿ ಬೀಡಿಯೇ? ಮನೆಗೆ ಬಂದವಳೇ ಅಂಗಿಯ ಕಿಸೆ, ಹಾಸಿಗೆ, ನೂಲಿನ ಬುಟ್ಟಿ ಎಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ. ಆಣೆ ಮಾಡಿರಿ ಎಂದೆ. "ನಿನ್ನ ಮ್ಯಾಲೆ ಮಾಡಲೇನ?" ಎಂದರು. ದೇವರೇ ಸಾಕು ಎಂದೆ.

ಸೂಡಿಯ ನಮ್ಮಪ್ಪ ಕೊಡಿಸಿದ ಸ್ಕೂಟರ್ ಪಡಸಾಲೆಯಲ್ಲಿ, ಮಗ್ಗದ ಪಕ್ಕದಲ್ಲೇ ನಿಲ್ಲುವುದು ನಿನಗೆ ಗೊತ್ತು. ತವರಿನ ಗಾಡಿ ಬೀದಿಯಲ್ಲಿ ನಿಲ್ಲುವ ಮಾತೇ ಇಲ್ಲ. ದಸರೆಯ ಪೂಜೆಯಿಂದೀಚೆಗೆ ದಿನಾ ಬೆಳಿಗ್ಗೆ, ನಿಮ್ಮಪ್ಪ ಮಗ್ಗಕ್ಕೆ ಕುಳಿತ ಮೇಲೆ, ನಿನ್ನ ತಮ್ಮ ಸುದೀಪ ಅದನ್ನು ಚಾಲೂ ಮಾಡುತ್ತಿದ್ದ. ನಾನು ಮಗ್ಗಕ್ಕೂ ಗಾಡಿಗೂ ಆರತಿ ಬೆಳಗಿ ಮುಗಿಸುವ ತನಕ ಅದು ಗುಡುಗುಡು ಎನ್ನುತ್ತಿರಬೇಕು. ಬಂದ್ ಬಿದ್ದ ಗಾಡಿಗೆ ಆರತಿ ಸಲ್ಲದು ಎಂದು ನಾನೇ ಹಾಕಿದ ಪದ್ಧತಿ.

ಹೋದ ತಿಂಗಳು ನಿಮ್ಮಪ್ಪ ಏಳಲಾಗದೆ ಹಾಸಿಗೆ ಹಿಡಿದಾಗ, ಸೀರೆಯ ಉಳಿದ ಸೆರಗು ನೇಯಲು ಮಗ್ಗದ ಕೆಳಗಿನ ಗುಂಡಿಗೆ, ಆ ಕುಣಿಗೆ, ನಾನೇ ಇಳಿದೆ. ಅದರಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಮೂಗು ಎಲ್ಲಿಗೆ ಬರುತ್ತದೆ ಗೊತ್ತೇ? ನೇರ ಸೈಲೆನ್ಸರಿನ ಬಾಯಿಗೆ. ಆರತಿ ತಟ್ಟೆ ಅಂದು ಸುದೀಪನ ಕೈಯಲ್ಲಿತ್ತು. ಗಾಡಿ ಚಾಲೂ ಮಾಡಿ, ನಾನು ಕಲಿಸಿದಂತೆಯೇ ಸಾವಕಾಶ ಬೆಳಗಿದ. "ಬಂದ್ ಮಾಡೋ!" ಎನ್ನಲು ಬಾಯಿ ತೆರೆದರೆ ಹೊಗೆಯೆಲ್ಲ ಒಳಗೆ. ನಾನು ಕೆಮ್ಮಿದ್ದು ಕೇಳಿ ನಿಮ್ಮಪ್ಪ ಮಲಗಿದಲ್ಲಿಂದಲೇ, "ಏನ, ನೀನೂ ಬೀಡಿ ಹಚ್ಚಿದೇನ?" ಎಂದರು.

ದೀಪಾವಳಿಗೆ ನೀನು ಬ್ಯಾಟರಿ ಸ್ಕೂಟರ್ ತರಿಸಿರಿ ಎಂದಾಗ, ಸಪ್ಪಳವಿಲ್ಲದ ಗಾಡಿಯನ್ನೂ ಮಾತಾಡದ ಸೊಸೆಯನ್ನೂ ನಂಬಬಾರದು ಎಂದಿದ್ದೆ. ಸೊಸೆಯ ವಿಷಯದಲ್ಲಿ ಈಗಲೂ ಅದೇ ಮಾತು. ಗಾಡಿ ಮಾತ್ರ ತರಿಸಿದ್ದೇನೆ. ನೀನು ಹೇಳಿದೆಯೆಂದಲ್ಲ, ನಾನೇ ವಿಚಾರ ಮಾಡಿ. ತವರಿನದನ್ನು ಮಾರಿಲ್ಲ, ಹಿತ್ತಲಲ್ಲಿ ನಿಂತಿದೆ, ಅದರ ಮೇಲೆ ನೂಲು ಒಣಗುತ್ತದೆ. ಹೊಸದು ಚಾಲೂ ಇದೆಯೋ ಬಂದ್ ಇದೆಯೋ ತಿಳಿಯುವುದಿಲ್ಲವಾದ್ದರಿಂದ ಆರತಿಯ ಪದ್ಧತಿಯನ್ನು ಸ್ವಲ್ಪ ಸಡಿಲಿಸಿದ್ದೇನೆ.

ನಿಮ್ಮಪ್ಪ ಈಗ ಮಲಗಿಯೇ ನಿದ್ದೆ ಮಾಡುತ್ತಾರೆ. ಸೋಮವಾರದಿಂದ ಮತ್ತೆ ಕುಣಿಗೆ ಇಳಿದಿದ್ದಾರೆ.

ನಿನ್ನ ಹೆತ್ತವಳು,
ದ್ರಾಕ್ಷಾಯಣಿ

ತಾ.ಕ.: ಹೊಸ ಗಾಡಿ ಹೊಡೆಯುವವಳು ನಾನೇ. ನಿನ್ನೆ ಪೇಟೆಗೆ ಹೋದೆ. ಭಜಿ ಅಂಗಡಿಯ ಮುಂದೆ ನಿಮ್ಮಪ್ಪ ನಿಂತಿದ್ದರು. ಸಪ್ಪಳವಿಲ್ಲದ್ದರಿಂದ ನಾನು ಬೆನ್ನ ಹಿಂದೆ ಬಂದು ನಿಂತದ್ದು ಅವರಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಬೇಡವೆಂದ ಮಿರ್ಚಿ ಬಾಯಲ್ಲಿತ್ತು. ಹಾರ್ನ್ ಒತ್ತಿದೆ. ಬಹಳ ಕೆಮ್ಮಿದರು. ಈ ಕೆಮ್ಮಿಗಾದರೂ ನಾನು ಕಾರಣಳಲ್ಲ.