ಗುರುವಾರದ ಬಟಾಣಿ ಸೂಪು

ಕೆಮಿ, ಗುರುವಾರ, 19 ಜನವರಿ 2023

ನನ್ನ ಊಟದಂಗಡಿಯ ಕರೆಂಟ್ ಬಿಲ್ ನೋಡಿದಾಗಿನಿಂದ ಎದೆ ಭಾರ. ಅಡುಗೆಮನೆಯ ಅರ್ಧ ಖರ್ಚು ಊಟ ಬಿಸಿಯಾಗಿಡುವ ಕೌಂಟರಿನದೇ. ಅರವತ್ತು ಡಿಗ್ರಿಗಿಂತ ಕೆಳಗಿಳಿದ ಸೂಪನ್ನು ಬಡಿಸುವಂತಿಲ್ಲ. ಹಾಗಾಗಿ ಕೌಂಟರನ್ನು ನಡುನಡುವೆ ಆರಿಸಿ ಕರೆಂಟ್ ಉಳಿಸುವ ದಾರಿಯೂ ಇಲ್ಲ. ನಾಳೆಯಿಂದ ತಣ್ಣನೆಯ ಬ್ರೆಡ್ಡು, ಮೀನು ಮಾತ್ರ ಎಂದು ಅಡುಗೆಯ ಐಲಾಗೆ ಬೆಳಿಗ್ಗೆ ಹೇಳಿದೆ. ಅವಳು ಬಟಾಣಿ ಕಲಕುತ್ತಲೇ ಇದ್ದಳು.

ಹಿಮ ತೆಗೆಯುವ ಲಾರಿಯ ತೈಸ್ತೊ ಎಂದಿನ ಗುರುವಾರದಂತೆ ಕೊನೆಗೆ ಬಂದ. "ಸೂಪು ಬಿಸಿ ಇದೆಯಾ ಐಲಾ, ಇಲ್ಲಾ ನಿಮ್ಮ ಯಜಮಾನ ಕರೆಂಟ್ ಉಳಿಸ್ತಿದ್ದಾನಾ?"

"ನಿನ್ನ ನಾಲಿಗೆಗಿಂತ ಬಿಸಿ ಇದೆ. ಸುಮ್ನೆ ತಿನ್ನು."

ಅವನು ನಕ್ಕ, ಅವಳೂ ನಕ್ಕಳು. ಇದೇ ಕೊನೆಯ ಸೂಪು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಕೋಟು ಹಾಕಿಕೊಳ್ಳುತ್ತಾ ಐಲಾ ಕೇಳಿದಳು: "ಬ್ರೆಡ್ಡಿಗಾದ್ರೆ ಅಷ್ಟು ಬೇಗ ಬರೋದು ಬೇಡ ಅಲ್ವಾ? ನಾಳೆ ಎಷ್ಟು ಹೊತ್ತಿಗೆ ಬರ್ಲಿ?"

ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ನಾನೊಬ್ಬನೇ ಸಾಕು. ಸೂಪಿನ ಜೊತೆಗೆ ತನ್ನ ಕೆಲಸವೂ ಹೋಯಿತೆಂದು ಇಷ್ಟು ವರ್ಷ ಜೊತೆಗೆ ದುಡಿದವಳಿಗೆ ಹೊಳೆದೇ ಇರಲಿಲ್ಲ. "ಒಂಬತ್ತಕ್ಕೆ ಬಾ" ಎಂದುಬಿಟ್ಟೆ.

"ಹಾಗಾದ್ರೆ ಸ್ವಲ್ಪ ನಿದ್ದೆ ಸಿಗುತ್ತೆ" ಎಂದು ಖುಷಿಯಿಂದಲೇ ಹೋದಳು. ನಾಳೆ ಒಂಬತ್ತಕ್ಕೆ ಅವಳು ಬಾಗಿಲು ತೆರೆದಾಗ ನಾನು ಏನೆಂದು ಹೇಳಲಿ?