ಈಯುವ ಇಳಿಜಾರಿಗೆ ಬಂದ ಕೆಂಪು ಜಾಕೆಟ್ಟುಗಳು

ಫಿನ್‌ಮಾರ್ಕ್, ಕೊಲ್ಲಿಯ ಗುಡಿಸಲು
ಮೇ ೨೬

ತಮ್ಮಾ ನಿಲ್ಲಾಸ್,

'ಪ್ರೀತಿಯ' ಎಂದು ಬರೆಯಲು ಹೋದೆ, ಕೈ ಮುಂದೆ ಓಡಲಿಲ್ಲ. 'ತಮ್ಮ' ಎಂಬುದನ್ನು ಮಾತ್ರ ಅಳಿಸಲಾರೆ, ಅದು ನನ್ನ ಕೈಯಲ್ಲಿಲ್ಲ. ನೀನು ಒಂದೇ ಸಮನೆ ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ನೀನು ನಗಿಸಿಬಿಡುತ್ತೀಯ. ಚಿಕ್ಕಂದಿನಿಂದಲೂ ತಪ್ಪು ಮಾಡಿ, ನಗಿಸಿ, ಪಾರಾದವನು ನೀನು. ಈ ಸಲ ಕೂತು ಓದು.

ಹತ್ತೊಂಬತ್ತರ ಬೆಳಿಗ್ಗೆ ನಿನ್ನ ಬಿಳಿ ಹಡಗು ಕೊಲ್ಲಿಯಲ್ಲಿ ಲಂಗರು ಹಾಕಿದಾಗ ನಾನು ಗುಡಿಸಲ ಮುಂದೆ ಕಾಫಿ ಕುಡಿಯುತ್ತಿದ್ದೆ. ಹಡಗುಗಳು ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ಬರುತ್ತವೆ, ಜನ ಇಳಿದು ದೀಪಸ್ತಂಭದವರೆಗೆ ನಡೆಯುತ್ತಾರೆ, ಫೋಟೊ ತೆಗೆದುಕೊಂಡು ಒದ್ದೆ ಕಾಲ್ಚೀಲದಲ್ಲಿ ಮರಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ವರ್ಷವಿಡೀ ದುಡಿದು ರಜೆಗೆ ಬಂದವರು. ಆದರೆ ಮೇ ತಿಂಗಳಲ್ಲಿ ಯಾವ ಹಡಗೂ ಇಲ್ಲಿ ನಿಲ್ಲುತ್ತಿರಲಿಲ್ಲ. ನಿಂತಿದ್ದರೂ ದಿಬ್ಬದ ಆಚೆಗೆ ಯಾರೂ ಹೋಗುವಂತಿರಲಿಲ್ಲ, ಏಕೆಂದರೆ ಅಲ್ಲಿಗೆ ದಾರಿ ಗೊತ್ತಿದ್ದದ್ದು ಹಿಂಡು ಕಾಯುವ ನಮ್ಮ ನಾಲ್ಕು ಮನೆಯವರಿಗೆ ಮಾತ್ರ.

ದುರ್ಬೀನು ಹಿಡಿದು ನೋಡಿದೆ. ಮೂವತ್ತು ಕೆಂಪು ಜಾಕೆಟ್ಟುಗಳು, ಕೈಯಲ್ಲಿ ಜೋಡಿ ಕೋಲು, ಹಳ್ಳದ ಗುಂಟ ಸಾಲಾಗಿ ಏರುತ್ತಿದ್ದವು. ಮುಂದೆ ನಮ್ಮ ಜನದ ನೀಲಿ ಗಾಕ್ತಿ ತೊಟ್ಟವನೊಬ್ಬ. ನಡಿಗೆಯಲ್ಲೇ ಗೊತ್ತಾಯಿತು ನೀನೆಂದು. ಅವ್ವ ಹಬ್ಬಕ್ಕೆ ತೊಡಲೆಂದು ಹೊಲಿದುಕೊಟ್ಟ ಅಂಗಿಯನ್ನು ನೀನು ನೌಕರಿಯ ಸಮವಸ್ತ್ರ ಮಾಡಿಕೊಂಡಿದ್ದೆ. ಆದರೂ ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೆ ಖುಷಿಯಾಯಿತು. ಆರು ವರ್ಷದ ಮೇಲೆ ತಮ್ಮ ಮನೆಗೆ ಬರುತ್ತಿದ್ದಾನೆ ಎಂದು ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟೆ. ನೀನು ಗುಡಿಸಲ ಕಡೆ ತಿರುಗಲೇ ಇಲ್ಲ. ಎಡಕ್ಕೆ ಹೊರಳಿ ದಿಬ್ಬ ಹತ್ತಿದೆ.

ದಿಬ್ಬದಾಚೆಯ ಆ ಇಳಿಜಾರಿನಲ್ಲಿ ಮೇ ತಿಂಗಳಲ್ಲಿ ಏನು ನಡೆಯುತ್ತಿರುತ್ತದೆಂದು ನಿನಗೆ ನಾನು ಹೇಳಿಕೊಡಬೇಕೇ? ಗಬ್ಬದ ಹಿಮಸಾರಂಗಗಳು ಈಯಲು ಹುಡುಕುವ ಜಾಗ ಅದು. ಅಪ್ಪ ನಮ್ಮಿಬ್ಬರನ್ನು ಹೊಟ್ಟೆಯ ಮೇಲೆ ತೆವಳಿಸಿಕೊಂಡು ಹೋಗಿ ದೂರದಿಂದ ತೋರಿಸುತ್ತಿದ್ದ. ನಿನಗೊಮ್ಮೆ ಕೆಮ್ಮು ಬಂತೆಂದು ತನ್ನ ಟೊಪ್ಪಿಯನ್ನೇ ನಿನ್ನ ಬಾಯಿಗೆ ತುರುಕಿದ್ದ. ಕರು ಬಿದ್ದ ಮೊದಲ ಗಳಿಗೆಗಳಲ್ಲಿ ತಾಯಿ ಅದನ್ನು ನೆಕ್ಕಬೇಕು, ಮೂಸಬೇಕು, ಇದು ನನ್ನದೆಂದು ಮನಸ್ಸಿಗೆ ತಂದುಕೊಳ್ಳಬೇಕು. ಅಷ್ಟರೊಳಗೆ ಬೆದರಿ ಓಡಿತೋ, ಕರುವಿಗೆ ತಾಯಿಯಿಲ್ಲ. ಇದನ್ನು ನೀನು ಅಕ್ಷರಕ್ಕಿಂತ ಮೊದಲು ಕಲಿತವನು.

ನಾನು ಓಡಿ ಬಂದು ಮುಟ್ಟುವಷ್ಟರಲ್ಲಿ ನೀನು ಎಲ್ಲರನ್ನೂ ಬಂಡೆಯ ಬಳಿ ನಿಲ್ಲಿಸಿ ಭಾಷಣ ಮಾಡುತ್ತಿದ್ದೆ. ನಿಮ್ಮ ಮನೆಯವರ ಹತ್ತಿರ ಎಷ್ಟು ಹಿಮಸಾರಂಗ ಇವೆ ಎಂದು ಯಾರೋ ಕೇಳಿದರು. ಗಂಟಿನಲ್ಲಿ ಎಷ್ಟು ದುಡ್ಡಿದೆ ಎಂದು ಕೇಳಿದಂತೆ ಅದು, ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ತಿಳಿಯದವರು ಕೇಳಿದರೆ ಅಪ್ಪ "ಮರದ ಈ ಕಡೇನೂ ಇವೆ, ಆ ಕಡೇನೂ ಇವೆ" ಎಂದು ಪೈಪು ಹಚ್ಚುತ್ತಿದ್ದ. ನೀನು ಥಟ್ಟನೆ ಸಂಖ್ಯೆ ಹೇಳಿದೆ. ನಿನ್ನ ಪಾಲಿನದಷ್ಟೇ ಅಲ್ಲ, ನನ್ನದನ್ನೂ ಸೇರಿಸಿ.

ನನ್ನನ್ನು ಕಂಡು, "ಅಕ್ಕ, ಹತ್ತೇ ನಿಮಿಷ. ನೋಡ್ಕೊಂಡು ಹೋಗ್ಬಿಡ್ತೀವಿ" ಎಂದೆ.

"ಎಲ್ರನ್ನೂ ಕೂರ್ಸು. ಈಗ್ಲೇ. ಕೂತ್ಕೊಂಡೇ ಹಿಂದಕ್ಕೆ ಸರೀಲಿ" ಎಂದೆ ನಾನು.

ನೀನು ಅವರ ಕಡೆ ತಿರುಗಿ ನಗುತ್ತಾ ಇಂಗ್ಲಿಷಿನಲ್ಲಿ ಹೇಳಿದ್ದೇನು? ನಮ್ಮಕ್ಕ ನಿಮ್ಮೆಲ್ಲರಿಗೂ ಸ್ವಾಗತ ಕೋರುತ್ತಿದ್ದಾಳೆ ಎಂದು. ನನಗೆ ಆ ಭಾಷೆ ಬಾರದೆಂದುಕೊಂಡೆಯಾ? ಮಗಳು ಶಾಲೆಯಿಂದ ತಂದು ಕಲಿಸಿದಷ್ಟು ಬರುತ್ತದೆ, ತಮ್ಮಾ. ತಮ್ಮನ ಸುಳ್ಳು ತಿಳಿಯಲು ಅಷ್ಟು ಸಾಕು.

ಹಿಂದಿದ್ದ ಮುದುಕಿಯೊಬ್ಬಳು ನಿನ್ನ ಮಾತು ಕೇಳದೆ ನನ್ನ ಮುಖ ನೋಡಿದಳು. ಸುಮ್ಮನೆ ಹಿಮದ ಮೇಲೆ ಕೂತಳು. ಪಕ್ಕದವರ ಜಾಕೆಟ್ಟು ಹಿಡಿದು ಅವರನ್ನೂ ಕೂರಿಸಿದಳು. ವೀಬ್ಕೆ ಎಂದು ಅವಳ ಹೆಸರು, ದನ ಸಾಕಿದ ಮನೆಯಲ್ಲಿ ಬೆಳೆದವಳಂತೆ. ನಮ್ಮ ಭಾಷೆಯ ಒಂದು ಪದವನ್ನೂ ಅರಿಯದ ಅವಳಿಗೆ ಅರ್ಥವಾದದ್ದು ನಿನಗಾಗಲಿಲ್ಲ. ಏಳೆಂಟು ಜನ ಕೂತಿರಬೇಕು, ಅಷ್ಟರಲ್ಲಿ ಯಾರದೋ ಡ್ರೋನ್ ಗುಂಯ್ ಎನ್ನುತ್ತಾ ಎದ್ದಿತು. ಇಡೀ ಹಿಂಡು ಒಂದೇ ಉಸಿರಿಗೆ ಕಣಿವೆಯೊಳಕ್ಕೆ ಧುಮುಕಿತು. ಕಾಲು ಬಂದಿದ್ದ ಕರುಗಳು ಹಿಂದೆ ಓಡಿದವು. ಇನ್ನೂ ಮೈ ಆರದ ಮೂರು ಅಲ್ಲೇ ಉಳಿದವು.

ಎರಡರ ತಾಯಿಗಳು ಸಂಜೆಯ ಹೊತ್ತಿಗೆ ಮರಳಿದವು. ಮೂರನೆಯದನ್ನು ಒಬ್ಬಾತ ಮಗುವಿನಂತೆ ಎತ್ತಿ ಎದೆಗೊತ್ತಿಕೊಂಡಿದ್ದ. ಅವನಿಗೆ ತಿಳಿಯದು, ಬಿಡು. ಅವನ ಫೋನು ಇಸಿದುಕೊಂಡು ಫೋಟೊ ತೆಗೆದವನು ನೀನು. "ಇನ್ನೊಂದ್ಸಲ, ಸ್ವಲ್ಪ ಈ ಕಡೆ" ಎಂದು ಕೈ ಸನ್ನೆ ಮಾಡಿದವನೂ ನೀನೇ. ನಾನು ಬಂದು ಕಿತ್ತುಕೊಳ್ಳುವವರೆಗೆ ನಿನ್ನ ಮುಖದ ನಗು ಹೋಗಿರಲಿಲ್ಲ.

ಆ ಕರು ನನ್ನ ಮಗಳು ಎಲ್ಲೆಯ ಹಿಮಸಾರಂಗದ ಚೊಚ್ಚಲು. ಅವಳಿಗೆ ಮೊದಲ ಹಲ್ಲು ಬಂದಾಗ ನೀನೇ ಒಂದು ಹೆಣ್ಣು ಕರು ಕೊಟ್ಟು, ನಿನ್ನ ಚಾಕುವಿನಿಂದಲೇ ಅವಳದೆಂದು ಕಿವಿಗುರುತು ಹಾಕಿದ್ದೆಯಲ್ಲ, ಅದರ ಮಗಳು ಈದದ್ದು. ತಾಯಿ ಬಂತು. ನಾನೂ ಎಲ್ಲೆಯೂ ಪೊದೆಯ ಹಿಂದೆ ಬೋರಲು ಮಲಗಿದ್ದೆವು. ಹತ್ತಿರ ಬಂದು ಮೂಸಿತು, ಹಿಂದೆ ಸರಿಯಿತು. ಮತ್ತೆ ಬಂದು ಮೂಸಿತು. ಕರುವಿನ ಮೈಯಲ್ಲಿ ಯಾರದೋ ಸಾಬೂನಿನ ವಾಸನೆ. ತಿರುಗಿ ನೋಡದೆ ಹೋಯಿತು. ಎಲ್ಲೆ ಅಳಲಿಲ್ಲ. "ಮಾವಂಗೆ ಮರ್ತೋಗಿತ್ತಾ ಅಮ್ಮ?" ಎಂದು ಕೇಳಿದಳು. ಹೌದೆಂದು ಹೇಳಿಬಿಡೋಣ ಅನ್ನಿಸಿತು. ಮರೆತವನನ್ನು ಕ್ಷಮಿಸಬಹುದು. ಕರು ಎರಡು ದಿನ ಬಾಟಲಿ ಹಾಲು ಕುಡಿಯಿತು. ಮೂರನೆಯ ದಿನ ತಲೆ ಎತ್ತಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆನೋ ಏನೋ. ಹೊರಡುವಾಗ ವೀಬ್ಕೆ ಕೈ ಹಿಡಿದು, ಒಪ್ಪಿಗೆ ಇದೆಯೆಂದು ನಮಗೆ ಹೇಳಿದ್ದರು ಎನ್ನುತ್ತಾ ಹಡಗಿನ ಪುಸ್ತಿಕೆ ಕೊಟ್ಟು ಹೋದಳು. ಎಲ್ಲೆ ಓದಿದಳು. 'ನಾಲ್ಕನೆಯ ದಿನ: ಈಯುವ ಹಿಂಡಿನ ನಡುವೆ ಚಾರಣ, ಕಾಯುವ ಕುಟುಂಬದ ಒಪ್ಪಿಗೆಯೊಂದಿಗೆ.' ಮೇ ಮೂವತ್ತಕ್ಕೊಂದು, ಜೂನ್ ಆರಕ್ಕೊಂದು, ಇನ್ನೂ ಎರಡು ಸಲ ಬರುವುದಿತ್ತು. ಹಿಂಡು ಕಾಯುವ ನಾಲ್ಕೂ ಮನೆಯವರು ಸೇರಿದಾಗ ಹೇಯ್ಕಾ ದೊಡ್ಡಪ್ಪ ಆ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, "ಒಪ್ಪಿಗೆ ಕೊಟ್ಟೋರು ಯಾರು?" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಆರು ವರ್ಷದಿಂದ ನಿನ್ನ ಪಾಲಿನ ಹಿಂಡನ್ನೂ ನನ್ನದರ ಜೊತೆ ಕಾಯುತ್ತಿರುವ ನನ್ನನ್ನು, ಕಳ್ಳಿಯನ್ನು ನೋಡುವಂತೆ ನೋಡಿದರು. ಹಡಗಿನ ಕಚೇರಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯ ಹುಡುಗಿ, ಒಪ್ಪಿಗೆಯ ಕಾಗದ ಕಳಿಸಿಕೊಟ್ಟಳು. ಕೆಳಗೆ ನಿನ್ನ ಸಹಿ. ಸಹಿಯ ಕೆಳಗೆ 'ಕುಟುಂಬದ ಪರವಾಗಿ' ಎಂದಿತ್ತು.

ಯಾವ ಕುಟುಂಬ, ನಿಲ್ಲಾಸ್?

ಹಿಂಡು ನಂಬಿ ಇಬ್ಬರ ಹೊಟ್ಟೆ ತುಂಬುವುದಿಲ್ಲ ಎಂದು ನೀನು ಹೊರಟಾಗ ನಾನು ತಡೆಯಲಿಲ್ಲ. ಹೋಗು ಎಂದವಳೇ ನಾನು. ಅವರಿಗೆ ಕಡಲು ತೋರಿಸು, ಹಕ್ಕಿ ತೋರಿಸು, ಬೇಕಾದರೆ ಅಜ್ಜ ಒಂಟಿಯಾಗಿ ಮೂರು ಕರಡಿ ಕೊಂದನೆಂದು ಬುರುಡೆ ಬಿಡು. ಅದೆಲ್ಲ ನಿನ್ನ ಬದುಕು. ಆ ಇಳಿಜಾರು ನಿನ್ನದಲ್ಲ. ನನ್ನದೂ ಅಲ್ಲ. ಈಯುವ ಕಾಲದಲ್ಲಿ ಅದು ಈಯುವವರದ್ದು.

ಮೊನ್ನೆ ನಾನು ಕಂಪನಿಗೆ ಬರೆದೆ. ಇವನು ನಮ್ಮ ಪರವಾಗಿ ಮಾತಾಡುವವನಲ್ಲ, ನಾವು ಯಾರೂ ಒಪ್ಪಿಗೆ ಕೊಟ್ಟಿಲ್ಲ, ಮೂವತ್ತಕ್ಕೆ ದೋಣಿ ಇಳಿದರೆ ನಾಲ್ಕೂ ಮನೆಯವರು ದಡದಲ್ಲಿ ನಿಂತಿರುತ್ತೇವೆ ಎಂದು. "ಸ್ವಂತ ತಮ್ಮನ ಹೊಟ್ಟೆ ಮೇಲೆ ಹೊಡೆದ್ಲು ಅಂತ ಆಡ್ಕೋತಾರೆ, ಯೋಚ್ನೆ ಮಾಡು" ಎಂದ ದೊಡ್ಡಪ್ಪ. ಆಡಿಕೊಳ್ಳಲಿ. ಇಂದು ಬೆಳಿಗ್ಗೆ ಉತ್ತರ ಬಂತು. ಇಲ್ಲಿಯ ನಿಲುಗಡೆಯನ್ನು ತೆಗೆದುಹಾಕಿದ್ದಾರೆ. ನಿನ್ನನ್ನೂ ವಿಚಾರಿಸುತ್ತಾರಂತೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಈ ಕಾಗದ. ನಿನ್ನ ಕೆಲಸ ಹೋದರೆ, ಅದನ್ನು ಕಳೆದವಳು ನಾನೇ. ತಲೆ ತಗ್ಗಿಸಿ ಹೇಳುತ್ತಿಲ್ಲ.

ಜುಲೈಯಲ್ಲಿ ಕರುಗಳಿಗೆ ಕಿವಿಗುರುತು ಹಾಕುತ್ತೇವೆ. ನಿನ್ನ ಕರುಗಳಿಗೆ ಆರು ವರ್ಷ ನಾನೇ ಹಾಕಿದೆ. ಈ ವರ್ಷ ಹಾಕುವುದಿಲ್ಲ. ಬರುವುದಾದರೆ ರಸ್ತೆಯಿಂದ ಒಬ್ಬನೇ ನಡೆದು ಬಾ, ಹಗ್ಗ ಹಿಡಿ, ನಿನ್ನವನ್ನು ನೀನೇ ಗುರುತಿಸು. ಬರದಿದ್ದರೆ ಅವು ಗುರುತಿಲ್ಲದೆಯೇ ಇರಲಿ. ಗುರುತಿಲ್ಲದ್ದನ್ನು ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು. ಅದು ನಿನಗೆ ಗೊತ್ತಿದೆ.

ಕಡಲು ನಿನ್ನನ್ನು ಕಾಯಲಿ. ಮೈಗೆ ಆರೋಗ್ಯವಿರಲಿ. ಮನಸ್ಸಿಗೆ ಮಾತ್ರ, ನೀನು ಬಂದು ನಿಲ್ಲುವ ತನಕ, ನೆಮ್ಮದಿ ಸಿಗದಿರಲಿ.

ನಿನ್ನ ಅಕ್ಕ,
ರಿಸ್ತೆನ್